ಹೊರಗೆ ಮಳೆ, ಒಳಗೆ ಬೆವರು

ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿ ಇಳಿಯುವ ಕಾರಿನಲ್ಲಿ ಕೂತವರಿಗೆಲ್ಲ ಇದು ಗೊತ್ತಿರುವ ಸಂಗತಿ. ಹೊರಗೆ ಧೋ ಎಂದು ಮಳೆ, ಒಳಗೆ ಐದು ಜನ, ಗಾಜುಗಳನ್ನೆಲ್ಲ ಏರಿಸಿದ್ದಾರೆ. ಕೊಟ್ಟಿಗೆಹಾರ ದಾಟಿ ನಾಲ್ಕು ತಿರುವು ಇಳಿಯುವಷ್ಟರಲ್ಲಿ ಮುಂದಿನ ಗಾಜು ಮಬ್ಬಾಗುತ್ತದೆ. ವೈಪರ್ ಎಷ್ಟು ಆಡಿದರೂ ಪ್ರಯೋಜನವಿಲ್ಲ, ಏಕೆಂದರೆ ಮಬ್ಬು ಕಟ್ಟಿರುವುದು ಗಾಜಿನ ಒಳಮೈಗೆ. ಘಾಟಿ ರಸ್ತೆಯಲ್ಲಿ ಪಳಗಿದ ಚಾಲಕ ಆಗ ತನ್ನ ಬದಿಯ ಗಾಜನ್ನು ಎರಡು ಬೆರಳಷ್ಟು ಇಳಿಸುತ್ತಾನೆ. "ಎರಚಲು ಹೊಡೀತಿದೆ ಮಾರಾಯ, ಏರಿಸು" ಎಂದು ಹಿಂದಿನ ಸೀಟಿನವರು ಗೊಣಗುತ್ತಾರೆ. ಅಷ್ಟರಲ್ಲಿ ಗಾಜು ತಿಳಿಯಾಗತೊಡಗಿರುತ್ತದೆ.

ಯೋಚಿಸಿದರೆ ಇದು ವಿಚಿತ್ರ. ಒಳಗಿನ ತೇವ ಕಳೆಯಬೇಕೆಂದು ಮಳೆಯಲ್ಲಿ ತೊಯ್ದ ಗಾಳಿಯನ್ನೇ ಒಳಗೆ ಬಿಟ್ಟುಕೊಂಡದ್ದಾಯಿತು. ತೇವದಿಂದ ತೇವ ಒಣಗುವುದು ಹೇಗೆ? ಕಾರಿನಲ್ಲಿ ಈ ಪ್ರಶ್ನೆ ಅರ್ಧ ಗಂಟೆಯ ಕಿರಿಕಿರಿ, ಅಷ್ಟೆ. ಕಾರಿನ ಹಿಂದೆ ಪುಟ್ಟ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ದಿನಕ್ಕೊಂದು ಹವೆಯ ನಾಡಿನಲ್ಲಿ ತಿರುಗುವವರಿಗೆ ಮಾತ್ರ ಅದು ರಾತ್ರಿಯ ನಿದ್ದೆಯ ಪ್ರಶ್ನೆ, ಹಾಸಿಗೆಯ ಪ್ರಶ್ನೆ, ಕೆಲವೊಮ್ಮೆ ಪ್ರಾಣದ ಪ್ರಶ್ನೆಯೂ ಹೌದು.

ಸೋರದ ಚಾವಣಿಯಿಂದ ಹನಿ

ಕ್ಯಾಂಪರ್ ಟ್ರೇಲರ್ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಮನೆ. ಅಮೆರಿಕದ ಹೆದ್ದಾರಿಗಳಲ್ಲಿ ಇದು ದಿನನಿತ್ಯದ ನೋಟ. ಇವುಗಳಲ್ಲಿ ತೀರಾ ಚಿಕ್ಕದನ್ನು ಟಿಯರ್‌ಡ್ರಾಪ್ ಎನ್ನುತ್ತಾರೆ. 1930ರ ದಶಕದಿಂದ ಬಳಕೆಯಲ್ಲಿರುವ ಈ ಗಾಡಿಯ ಮುಂಭಾಗ ದುಂಡಗೆ ಎದ್ದಿರುತ್ತದೆ, ಹಿಂಭಾಗ ಇಳಿಜಾರಾಗಿ ಮುಗಿಯುತ್ತದೆ. ಒಳಗೆ ಇಬ್ಬರು ಮಲಗುವಷ್ಟೇ ಜಾಗ, ಎದ್ದು ನಿಲ್ಲುವ ಹಾಗಿಲ್ಲ. ಅಡುಗೆಗೆ ಹಿಂಬದಿಯ ಮುಚ್ಚಳ ಎತ್ತಿ ಹೊರಗೆ ನಿಲ್ಲಬೇಕು. ಒಳಗಿನ ಜಾಗವೆಲ್ಲ ಸೇರಿದರೂ ಸುಮಾರು 4 ಘನ ಮೀಟರ್.

ಇಂಥ ಗಾಡಿಯನ್ನು ಅಕ್ಟೋಬರ್ ತಿಂಗಳಲ್ಲಿ ವಾಷಿಂಗ್ಟನ್ ರಾಜ್ಯದ ಪಶ್ಚಿಮ ಅಂಚಿಗೆ, ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಮಳೆಕಾಡಿಗೆ ಒಯ್ದಿದ್ದಾರೆ ಎನ್ನಿ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಸುವ ಜಾಗ ಇದು. ಮರಗಳ ಕೊಂಬೆಗಳಿಂದ ಪಾಚಿ ಜೋಲಾಡುತ್ತದೆ. ರಾತ್ರಿ 8 ಡಿಗ್ರಿ ಚಳಿ, ಜಿಟಿಜಿಟಿ ಮಳೆ. ಮಲಗುವವರು ಬಾಗಿಲು, ಕಿಟಕಿ, ಚಾವಣಿಯ ಗವಾಕ್ಷಿ ಎಲ್ಲವನ್ನೂ ಭದ್ರವಾಗಿ ಮುಚ್ಚುತ್ತಾರೆ.

ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದರೆ ಗಾಜಿನ ಮೇಲೆ ನೀರಿನ ಗೆರೆಗಳು, ಅಲ್ಯೂಮಿನಿಯಂ ಚೌಕಟ್ಟಿನ ಕೆಳ ಅಂಚಿನಲ್ಲಿ ನಿಂತ ನೀರು. ಚಾವಣಿಯ ಹಲಗೆ ಹೆಚ್ಚುಕಡಿಮೆ ಒಣಗಿಯೇ ಇದೆ, ಆದರೆ ಅದನ್ನು ಹಿಡಿದಿರುವ ಒಂದೊಂದು ತಿರುಪಿನ ತಲೆಯ ಮೇಲೂ ಒಂದೊಂದು ಹನಿ. ಹಾಸಿಗೆಯ ಮೂಲೆ ಎತ್ತಿದರೆ ಕೆಳಗಿನ ಪ್ಲೈವುಡ್ ಕಪ್ಪಗೆ ಒದ್ದೆ. ಮೊದಲ ಸಲ ನೋಡಿದವರು ಗಾಡಿ ಸೋರುತ್ತಿದೆ ಎಂದುಕೊಂಡು ಸಂದು ಮುಚ್ಚುವ ಅಂಟು ಹುಡುಕಲು ಹೊರಡುತ್ತಾರೆ.

ತಿರುಪಿನ ತಲೆಗಳನ್ನು ಇನ್ನೊಮ್ಮೆ ನೋಡಿ. ಸೋರುವ ನೀರು ಒಂದು ಬಿರುಕಿನಿಂದ ಹೊರಟು ಇಳಿಜಾರು ಹಿಡಿದು ಹರಿಯುತ್ತದೆ. ಇಲ್ಲಿ ಹನಿಗಳು ಸಾಲು ತಪ್ಪದೆ ಲೋಹ ಇರುವಲ್ಲೆಲ್ಲ ಕೂತಿವೆ. ಹೊರಗಿನ ತಗಡಿನ ಚಳಿಯನ್ನು ಲೋಹದ ತಿರುಪು ಹಲಗೆಯನ್ನು ಹಾದು ಒಳಗೆ ತರುತ್ತದೆ. ಇದನ್ನು ಚಳಿಸೇತುವೆ ಎನ್ನೋಣ. ನೀರು ಹೊರಗಿನಿಂದ ತೂರಿ ಬಂದಿಲ್ಲ. ಒಳಗಿನ ಗಾಳಿಯಲ್ಲೇ ಇದ್ದದ್ದು ತಣ್ಣಗಿನ ಜಾಗ ಸಿಕ್ಕಲ್ಲಿ ಇಳಿದಿದೆ.

ಅರ್ಧ ಲೀಟರ್ ಉಸಿರು

ಅಷ್ಟು ನೀರು ಗಾಳಿಗೆ ಬಂದದ್ದು ಎಲ್ಲಿಂದ? ಮಲಗಿದವರಿಂದಲೇ. ನಿದ್ದೆಯಲ್ಲಿರುವ ಒಬ್ಬ ವಯಸ್ಕರು ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಆವಿಯಾಗಿ ಬಿಡುತ್ತಾರೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಮೀರಿ ಆಯಿತು. ಅದರ ಜೊತೆಗೆ ಗೂಟಕ್ಕೆ ತೂಗುಹಾಕಿದ ಒದ್ದೆ ಜಾಕೆಟ್ಟು, ಬಾಗಿಲ ಬಳಿಯ ಕೆಸರಿನ ಶೂ, ಜೊತೆಗೆ ನಾಯಿಯಿದ್ದರೆ ಅದರ ತೊಯ್ದ ಮೈ.

ಚಳಿ ತಡೆಯಲಾರದೆ ಒಳಗೆ ಪುಟ್ಟ ಗ್ಯಾಸ್ ಒಲೆ ಹಚ್ಚುವವರಿದ್ದಾರೆ. ಅದು ಮಾಡುವ ಕೆಲಸ ತಿಳಿದರೆ ಅಚ್ಚರಿಯಾದೀತು. ಅಡುಗೆ ಅನಿಲದಲ್ಲಿ ಇರುವುದು ಇಂಗಾಲ ಮತ್ತು ಜಲಜನಕ. ಉರಿಯುವಾಗ ಆ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. 1 ಕಿಲೋ ಪ್ರೋಪೇನ್ ಉರಿದರೆ ಹುಟ್ಟುವ ನೀರು 1.6 ಕಿಲೋ. ಹೊಗೆ ಹೊರಹೋಗುವ ಕೊಳವೆಯಿಲ್ಲದ ಒಲೆ ಆ ನೀರಷ್ಟನ್ನೂ ಮಲಗುವ ಕೋಣೆಗೇ ಬಿಡುತ್ತದೆ. ಅದಕ್ಕಿಂತ ಭೀಕರ ಸಂಗತಿ ಎಂದರೆ, ಮುಚ್ಚಿದ ಜಾಗದಲ್ಲಿ ಆಮ್ಲಜನಕ ಕಡಿಮೆಯಾದ ಹಾಗೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದೂ ಇಲ್ಲ. ಮುಚ್ಚಿದ ಟ್ರೇಲರಿನೊಳಗೆ ಅಡುಗೆ ಒಲೆ ಹಚ್ಚಿ ಮಲಗುವುದನ್ನು ಯಾರೂ, ಎಂದೂ ಮಾಡಕೂಡದು.

ಛತ್ರದ ಲೆಕ್ಕ

ಆವಿಯಾಗಿ ತೇಲುತ್ತಿದ್ದ ನೀರು ತಣ್ಣನೆಯ ಗಾಜಿನ ಮೇಲೆ ಹನಿಯಾಗುವುದೇಕೆ? ಜಾತ್ರೆ ನಡೆಯುವ ಊರಿನ ಒಂದು ಛತ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ರಸ್ತೆ ತುಂಬ ಯಾತ್ರಿಕರು. ಛತ್ರಕ್ಕೆ ಬರುವವರೂ ಇದ್ದಾರೆ, ಎದ್ದು ಹೊರಡುವವರೂ ಇದ್ದಾರೆ. ಎಷ್ಟು ಮಂದಿ ಒಳಗೆ ಬರುತ್ತಾರೆ ಎನ್ನುವುದು ರಸ್ತೆಯಲ್ಲಿ ಎಷ್ಟು ಮಂದಿ ಇದ್ದಾರೆ ಎನ್ನುವುದರ ಮೇಲೆ ನಿಂತಿದೆ. ಎಷ್ಟು ಮಂದಿ ಹೊರಡುತ್ತಾರೆ ಎನ್ನುವುದು ಛತ್ರದೊಳಗಿನ ಹವೆಯ ಮೇಲೆ ನಿಂತಿದೆ. ಒಳಗೆ ಸೆಕೆಯಾದರೆ ಬಂದವರು ಬಂದ ಹಾಗೇ ಎದ್ದು ಹೋಗುತ್ತಾರೆ, ತಂಪಾಗಿದ್ದರೆ ಕಂಬಕ್ಕೊರಗಿ ಕೂತುಬಿಡುತ್ತಾರೆ. ಹೊರಡುವವರಿಗಿಂತ ಬರುವವರು ಹೆಚ್ಚಾದ ಗಳಿಗೆಯಿಂದ ಛತ್ರ ತುಂಬತೊಡಗುತ್ತದೆ.

ಗಾಜಿನ ಮೈಯೇ ಛತ್ರ, ನೀರಾವಿಯ ಅಣುಗಳೇ ಯಾತ್ರಿಕರು. ಗಾಳಿ ಬರೀ ರಸ್ತೆ. ಅಣುಗಳು ಎಲ್ಲ ಹೊತ್ತೂ ಗಾಜಿಗೆ ಬಂದು ತಾಗುತ್ತಲೇ ಇರುತ್ತವೆ, ಬಿಟ್ಟು ಹಾರುತ್ತಲೂ ಇರುತ್ತವೆ. ಗಾಜು ಬೆಚ್ಚಗಿದ್ದರೆ ತಾಗಿದ ಅಣುಗಳು ಅದರ ಶಾಖದಿಂದ ಜಿಗಿದು ಹೊರಟುಬಿಡುತ್ತವೆ. ತಣ್ಣಗಿದ್ದರೆ ಜಿಗಿಯುವಷ್ಟು ಕಸುವು ಸಿಗದೆ ಒಂದರ ಪಕ್ಕ ಒಂದು ಉಳಿದು ಹನಿಯಾಗುತ್ತವೆ.

ಬರುವುದೂ ಹೋಗುವುದೂ ಸಮವಾಗಲು ಎಷ್ಟು ಆವಿ ಇರಬೇಕು ಎನ್ನುವುದನ್ನು ವಿಜ್ಞಾನಿಗಳು ಒಂದೊಂದು ಡಿಗ್ರಿಗೂ ಅಳೆದಿಟ್ಟಿದ್ದಾರೆ. 1 ಘನ ಮೀಟರ್ ಜಾಗದಲ್ಲಿ 0 ಡಿಗ್ರಿಗೆ ಸುಮಾರು 5 ಗ್ರಾಂ, 10 ಡಿಗ್ರಿಗೆ 9, 20 ಡಿಗ್ರಿಗೆ 17, 30 ಡಿಗ್ರಿಗೆ 30 ಗ್ರಾಂ. ಪ್ರತಿ 10 ಡಿಗ್ರಿಗೆ ಈ ಮಿತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಮ್ಮ ಟ್ರೇಲರಿಗೆ ಈ ಲೆಕ್ಕ ಹಚ್ಚೋಣ. ಒಳಗೆ 20 ಡಿಗ್ರಿ ಇದ್ದರೂ 4 ಘನ ಮೀಟರ್ ಜಾಗದಲ್ಲಿ ಆವಿಯಾಗಿ ನಿಲ್ಲಬಲ್ಲ ನೀರು 70 ಗ್ರಾಂ ಮೀರದು. ಮಲಗಿದ ಇಬ್ಬರು ಗಂಟೆಗೆ 80 ಗ್ರಾಂ ಬಿಡುತ್ತಿದ್ದಾರೆ. ಕಿಟಕಿ ಮುಚ್ಚಿದ ಒಂದು ಗಂಟೆಯೊಳಗೇ ಗಾಳಿ ಭರ್ತಿ. ಗೋಡೆ, ಗಾಜು, ಹಾಸಿಗೆಯ ಅಡಿ ಬಿಟ್ಟರೆ ಮುಂದಿನ ಏಳು ಗಂಟೆಯ ನೀರಿಗೆ ಬೇರೆ ಜಾಗವೇ ಇಲ್ಲ.

ಡಾಲ್ಟನ್ನನ ಲೋಟ

ಗಾಳಿಯಲ್ಲಿ ಎಷ್ಟು ಆವಿಯಿದೆ ಎಂದು ಕಂಡುಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ಪರಮಾಣು ವಾದದಿಂದ ಹೆಸರಾದ ಇಂಗ್ಲೆಂಡಿನ ಜಾನ್ ಡಾಲ್ಟನ್ 19ನೇ ಶತಮಾನದ ಆರಂಭದಲ್ಲಿ ಒಂದು ಗಾಜಿನ ಪಾತ್ರೆಯಲ್ಲೇ ಆ ಕೆಲಸ ಮಾಡಿದ. ಪಾತ್ರೆಗೆ ತಣ್ಣನೆಯ ಊಟೆನೀರು ತುಂಬುವುದು. ಹೊರಮೈ ಬೆವರಿದರೆ ಬಟ್ಟೆಯಿಂದ ಒರೆಸಿ, ನೀರು ಸ್ವಲ್ಪ ಬೆಚ್ಚಗಾದ ಮೇಲೆ ಮತ್ತೆ ನೋಡುವುದು. ಬೆವರು ಕಾಣಿಸುವುದು ಯಾವ ಉಷ್ಣತೆಯಲ್ಲಿ ನಿಲ್ಲುತ್ತದೋ ಅದನ್ನು ಗುರುತು ಹಾಕಿಕೊಳ್ಳುವುದು.

ಆ ಉಷ್ಣತೆಯೇ ಇಬ್ಬನಿ ಬಿಂದು. ಗಾಳಿ ಎಷ್ಟೇ ಬೆಚ್ಚಗಿರಲಿ, ಅದರೊಳಗಿನ ಆವಿ ಯಾವ ಚಳಿಗೆ ಹನಿಯಾಗುತ್ತದೆ ಎಂದು ಈ ಒಂದು ಅಂಕಿ ಹೇಳುತ್ತದೆ. ಇಂದಿನ ಬಹಳಷ್ಟು ಹವಾಮಾನ ಆ್ಯಪ್‌ಗಳಲ್ಲಿ 'ಡ್ಯೂ ಪಾಯಿಂಟ್' ಎಂದು ಇದೇ ಅಂಕಿ ಕಾಣಿಸುತ್ತದೆ. ಹೆಚ್ಚಿನವರು ಅದನ್ನು ದಾಟಿ ಮಳೆಯ ಶೇಕಡಾವಾರಿಗೆ ಕಣ್ಣು ಹಾಯಿಸುತ್ತಾರೆ. ಟ್ರೇಲರಿನಲ್ಲಿ ಮಲಗುವವರಿಗೆ ಮಾತ್ರ ಎಲ್ಲಕ್ಕಿಂತ ಉಪಯೋಗದ ಅಂಕಿ ಅದೇ.

ಪಾಲು ಬೇರೆ, ಮೊತ್ತ ಬೇರೆ

ಈಗ ಮೊದಲ ಪ್ರಶ್ನೆಗೆ ಬರೋಣ. ಮಳೆಯ ರಾತ್ರಿ ಹೊರಗಿನ ಗಾಳಿಯ ತೇವ ನೂರಕ್ಕೆ ನೂರು ಎನ್ನುತ್ತೇವೆ. ಅದು ತೇವದ ಪಾಲು, ಅಂದರೆ ಆ ಚಳಿಗೆ ಇರಬಹುದಾದ ಆವಿಯಲ್ಲಿ ಎಷ್ಟು ಭಾಗ ಇದೆ ಎನ್ನುವುದು. ತೇವದ ಮೊತ್ತ ಎಷ್ಟು ಎಂಬುದು ಬೇರೆಯೇ ಮಾತು. 8 ಡಿಗ್ರಿ ಚಳಿಯಲ್ಲಿ ನೂರಕ್ಕೆ ನೂರು ಎಂದರೂ ಒಂದು ಘನ ಮೀಟರಿಗೆ ಇರುವುದು ಬರೀ 8 ಗ್ರಾಂ ನೀರು. ಒಳಗಿನ 20 ಡಿಗ್ರಿ ಗಾಳಿಯಲ್ಲಿ ಪಾಲು ನೂರಕ್ಕೆ ಎಂಬತ್ತೇ ಇದ್ದರೂ ಮೊತ್ತ ಸುಮಾರು 14 ಗ್ರಾಂ. ಮಳೆಯಲ್ಲಿ ನಿಂತ ಗಾಳಿಯಲ್ಲಿರುವುದಕ್ಕಿಂತ ಹೆಚ್ಚು ನೀರು ನಮ್ಮ ಬೆಚ್ಚನೆಯ ಹಾಸಿಗೆಯ ಮೇಲಿನ ಗಾಳಿಯಲ್ಲಿದೆ.

ಕಿಟಕಿ ಎರಡು ಬೆರಳು ತೆರೆದಾಗ ಆಗುವುದು ಇದು. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾಗುತ್ತದೆ. ಆಗ ಅದರ ಮಿತಿ 17 ಗ್ರಾಮಿಗೆ ಏರುತ್ತದೆ, ಇರುವುದು ಮಾತ್ರ ಆ 8 ಗ್ರಾಮೇ. ತೇವದ ಪಾಲು ನೂರರಿಂದ ಅರ್ಧಕ್ಕಿಂತ ಕೆಳಗಿಳಿಯಿತು. ಮಳೆಯ ಗಾಳಿ ಬರೀ ಬಿಸಿಯಾದದ್ದರಿಂದಲೇ ಒಣಗಾಳಿಯಾಯಿತು. ಅದು ಗಾಜಿನ ನೀರನ್ನೂ ನಮ್ಮ ಉಸಿರನ್ನೂ ಎತ್ತಿಕೊಂಡು ಇನ್ನೊಂದು ಕಿಂಡಿಯಿಂದ ಹೊರಬೀಳುತ್ತದೆ. ಎರಚಲಿನ ನಾಲ್ಕು ಹನಿ ಒಳಬಂದರೂ ಹೊರಹೋಗುವ ನೀರು ಅದಕ್ಕಿಂತ ಎಷ್ಟೋ ಹೆಚ್ಚು. ಚಾರ್ಮಾಡಿಯ ಚಾಲಕ ಮಾಡಿದ್ದೂ ಇದನ್ನೇ.

ಎಷ್ಟು ಗಾಳಿ ಬೇಕು? ಒಂದೇ ಪದರದ ಗಾಜು ಇಂಥ ರಾತ್ರಿ ಒಳಬದಿಗೆ ಸುಮಾರು 13 ಡಿಗ್ರಿ ಇರುತ್ತದೆ. ಅದು ಬೆವರದಿರಬೇಕಾದರೆ ಒಳಗಿನ ಆವಿ ಘನ ಮೀಟರಿಗೆ 11 ಗ್ರಾಂ ಮೀರಬಾರದು. ಹೊರಗಿನಿಂದ 8 ಗ್ರಾಂ ಹೊತ್ತು ಬಂದ ಒಂದೊಂದು ಘನ ಮೀಟರ್ ಗಾಳಿಯೂ ಹೋಗುವಾಗ 3 ಗ್ರಾಂ ಹೆಚ್ಚಿಗೆ ಹೊತ್ತೊಯ್ಯಬಲ್ಲದು. ಇಬ್ಬರ 80 ಗ್ರಾಂ ಸಾಗಿಸಲು ಗಂಟೆಗೆ ಸುಮಾರು 25 ಘನ ಮೀಟರ್, ಅಂದರೆ ಒಳಗಿನ ಗಾಳಿ ಗಂಟೆಗೆ ಆರೇಳು ಬಾರಿ ಬದಲಾಗಬೇಕು. ಕಂಪ್ಯೂಟರಿನೊಳಗೆ ತಿರುಗುವ ಪುಟ್ಟ ಫ್ಯಾನಿಗೂ ಇದು ಹಗುರದ ಕೆಲಸ. ಇದರಿಂದ ಕಳೆದುಹೋಗುವ ಶಾಖ ಸುಮಾರು 100 ವ್ಯಾಟ್. ಮಲಗಿದ ಇಬ್ಬರ ಮೈಯಿಂದ ಹೊರಡುವ ಶಾಖವೂ ಅದಕ್ಕೆ ಕಡಿಮೆಯಿಲ್ಲ. ಒಳ್ಳೆಯ ರಗ್ಗು ಇದ್ದರೆ ಈ ನಷ್ಟ ತಾಳಿಕೊಳ್ಳುವಂಥದ್ದೇ. ಒದ್ದೆ ಹಾಸಿಗೆಯ ಚಳಿಯನ್ನು ಮಾತ್ರ ಯಾವ ರಗ್ಗೂ ತಡೆಯದು.

ಪರ್ವತದ ಆಚೆ ಬದಿ

ಇದೇ ಗಾಡಿ ಮಾರನೆಯ ದಿನ ಪೂರ್ವಕ್ಕೆ ಹೊರಡುತ್ತದೆ. ಸಿಯಾಟಲ್ ದಾಟಿ ಐ-90 ಹೆದ್ದಾರಿ ಹಿಡಿದರೆ ಕ್ಯಾಸ್ಕೇಡ್ ಪರ್ವತಸಾಲು. 921 ಮೀಟರ್ ಎತ್ತರದ ಸ್ನೋಕ್ವಾಲ್ಮಿ ಕಣಿವೆದಾರಿಯವರೆಗೂ ದೇವದಾರು ಜಾತಿಯ ದಟ್ಟ ಕಾಡು, ಮೋಡ, ಮಳೆ. ಅಲ್ಲಿಂದ ಇಳಿದು ಸುಮಾರು ಒಂದು ಗಂಟೆಯ ಹಾದಿಗೆ ಎಲೆನ್ಸ್‌ಬರ್ಗ್ ಊರು ಬರುವಷ್ಟರಲ್ಲಿ ಹುಲ್ಲುಗಾವಲು, ಕುರುಚಲು, ನೀಲಿ ಆಕಾಶ. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 230 ಮಿ.ಮೀ. ಮಾತ್ರ. ಸಿಯಾಟಲ್ ಸುತ್ತ ಕೆಲಸಕ್ಕಿರುವ ಕನ್ನಡಿಗರು ವಾರಾಂತ್ಯದಲ್ಲಿ ಈ ರಸ್ತೆ ಹಿಡಿದರೆ ಆಗುಂಬೆಯಿಂದ ಚಿತ್ರದುರ್ಗದ ಕಡೆಗೆ ಹೊರಟ ನೆನಪಾಗುವುದು ಸಹಜ. 7,000 ಮಿ.ಮೀ. ಮೀರುವ ಮಳೆಯೂರಿನಿಂದ 600ರ ಆಸುಪಾಸಿನ ಬಯಲಿಗೆ ನಮ್ಮಲ್ಲೂ ಕೆಲವೇ ಗಂಟೆಗಳ ದಾರಿ.

ಎರಡೂ ಕಡೆ ನಡೆಯುವುದು ಒಂದೇ. ಸಮುದ್ರದ ಗಾಳಿ ಬೆಟ್ಟ ಏರುವಾಗ ಹಿಗ್ಗಿ ತಣ್ಣಗಾಗುತ್ತದೆ, ಮಿತಿ ಕುಗ್ಗಿ ಹೆಚ್ಚಿನ ಆವಿ ಮಳೆಯಾಗಿ ಬೀಳುತ್ತದೆ. ಆಚೆ ಇಳಿಯುವಾಗ ಗಾಳಿ ಅದುಮಿಕೊಂಡು ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಉಳಿದ ಅಲ್ಪ ಆವಿಗೆ ಈಗ ಮಿತಿ ದೊಡ್ಡದು, ಹಾಗಾಗಿ ಅದು ಒಣಗಾಳಿ. ರಾತ್ರಿ ಕಿಟಕಿಯ ಕಿಂಡಿಯಲ್ಲಿ ನಡೆದದ್ದೇ ಇಲ್ಲಿ ಇಡೀ ಪರ್ವತದ ಅಳತೆಯಲ್ಲಿ ನಡೆಯುತ್ತಿದೆ.

ಒಣ ನಾಡಿಗೆ ಬಂದದ್ದಾಯಿತು, ಇನ್ನು ಕಿಟಕಿ ಮುಚ್ಚಿ ಮಲಗಬಹುದೇ? ಇಲ್ಲೊಂದು ಬಲೆಯಿದೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಇಬ್ಬನಿಯ ಮೇಲೆ ಒಂದು ಪ್ರಬಂಧ ಪ್ರಕಟಿಸಿದ. ತೂಕ ಮಾಡಿದ ಉಣ್ಣೆಯ ಸಣ್ಣ ಉಂಡೆಗಳನ್ನು ರಾತ್ರಿ ತೋಟದಲ್ಲಿಟ್ಟು, ಅವು ಎಷ್ಟು ಭಾರವಾದವು ಎಂದು ಮತ್ತೆ ತೂಗಿ ನೋಡುತ್ತಿದ್ದ. ಎತ್ತರಿಸಿದ ಹಲಗೆಯ ಮೇಲಿಟ್ಟ ಉಣ್ಣೆಗೆ ಇಬ್ಬನಿ ಹೆಚ್ಚು, ಅದೇ ಹಲಗೆಯ ಅಡಿಗೆ ಕಟ್ಟಿದ್ದಕ್ಕೆ ಕಡಿಮೆ. ಬಯಲಾಗಿ ಆಕಾಶಕ್ಕೆ ಮುಖ ಮಾಡಿದ ವಸ್ತು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಇಬ್ಬನಿ ಆಮೇಲೆ ಬರುತ್ತದೆ ಎಂದು ಅವನು ತೋರಿಸಿಕೊಟ್ಟ. ಮೋಡವಿದ್ದರೆ ಅದು ಶಾಖವನ್ನು ಮರಳಿ ಕಳಿಸುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಯಲಲ್ಲಿ ನಿಂತ ಬೈಕಿನ ಸೀಟು ತೊಯ್ದಿದ್ದು, ಮರದಡಿಯದು ಒಣಗಿರುವುದು ಇದರಿಂದಲೇ.

ಮೋಡವಿಲ್ಲದ ರಾತ್ರಿ ಟ್ರೇಲರಿನ ತಗಡು ಹೀಗೆಯೇ ಗಾಳಿಗಿಂತ ತಣ್ಣಗಾಗುತ್ತದೆ. ಹೊರಗಿನ ಗಾಳಿ ಒಣಗಿದ್ದರೂ ಒಳಗಿನ ಉಸಿರು ಒಣಗಿಲ್ಲ. ಹೋ ಕಾಡಿನಲ್ಲಿ ಒಣಗಿದ್ದ ಚಾವಣಿ ಇಲ್ಲಿ ತೊಯ್ಯಬಹುದು. ಗಾಡಿಯನ್ನು ಮರದ ಕೆಳಗೆ ನಿಲ್ಲಿಸುವುದು ಅಥವಾ ಮೇಲೊಂದು ಟಾರ್ಪಾಲು ಕಟ್ಟುವುದು ಮಳೆಯಿಲ್ಲದ ರಾತ್ರಿಗೂ ಒಳ್ಳೆಯದು ಎನ್ನುವುದಕ್ಕೆ ಕಾರಣ ಇದೇ.

ಸೆಕೆಯ ಊರಿನಲ್ಲಿ ಎಲ್ಲ ತಿರುವುಮುರುವು

ಇದೇ ಗಾಡಿಯನ್ನು ಆಗಸ್ಟಿನಲ್ಲಿ ಮೆಕ್ಸಿಕೋ ಕೊಲ್ಲಿಯ ತೀರಕ್ಕೆ, ನ್ಯೂ ಆರ್ಲಿಯನ್ಸ್ ಕಡೆಗೆ ಒಯ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಬೇಸಿಗೆಯ ಇಬ್ಬನಿ ಬಿಂದು 24 ಡಿಗ್ರಿಯ ಆಸುಪಾಸು, ಅಂದರೆ ಹೊರಗಿನ ಗಾಳಿಯಲ್ಲಿ ಘನ ಮೀಟರಿಗೆ 20 ಗ್ರಾಂ ಮೀರಿದ ನೀರು. ಎಸಿ ಹಾಕಿ ಒಳಗೆ 21 ಡಿಗ್ರಿ ಮಾಡಿಕೊಂಡರೆ ಕಿಟಕಿಯ ಹೊರಮೈ ಬೆವರುತ್ತದೆ. ಮಂಗಳೂರಿನ ಸೆಕೆಯ ರಾತ್ರಿ ಎಸಿ ಜೋರಾಗಿ ಹಾಕಿದ ಕಾರಿನ ಗಾಜು ಹೊರಗಿನಿಂದ ಮಬ್ಬಾಗುವುದನ್ನು ಕರಾವಳಿಯವರು ಬಲ್ಲರು. ಆಗ ವೈಪರ್ ಹಾಕಿದರೆ ಮಬ್ಬು ಹೋಗುತ್ತದೆ. ಚಾರ್ಮಾಡಿಯಲ್ಲಿ ಹೋಗಲಿಲ್ಲ. ನೀರು ಗಾಜಿನ ಯಾವ ಬದಿಯಲ್ಲಿದೆಯೋ ಹೆಚ್ಚು ಆವಿ ಇರುವ ಗಾಳಿಯೂ ಆ ಬದಿಯಲ್ಲೇ ಇದೆ.

ಇಂಥ ಕಡೆ ಎಸಿ ಓಡುತ್ತಿರುವಾಗ ಕಿಟಕಿ ತೆರೆದರೆ ನೀರನ್ನು ಕರೆದು ಒಳಗೆ ಕೂರಿಸಿದಂತೆ. ಇಲ್ಲಿ ಒಣಗಿಸುವ ಕೆಲಸ ಎಸಿಯ ತಣ್ಣನೆಯ ಸುರುಳಿಯದು. ಆವಿ ಅದರ ಮೇಲೆ ಇಳಿದು ಕೊಳವೆಯಿಂದ ತೊಟ್ಟಿಕ್ಕಿ ಹೊರಹೋಗುತ್ತದೆ. ಎಸಿ ನಿಲ್ಲಿಸಿ ಮಲಗುವುದಾದರೆ ಕಿಟಕಿಗಳನ್ನೆಲ್ಲ ತೆರೆದು ಒಳಹೊರಗು ಒಂದೇ ಬಿಸಿಯಾಗಲು ಬಿಡಬೇಕು. ತಣ್ಣನೆಯ ಜಾಗವೇ ಇಲ್ಲದಿದ್ದರೆ ಆವಿ ಇಳಿಯುವುದೂ ಇಲ್ಲ.

ಗಾಳಿಗೆ ಎರಡು ಬಾಗಿಲು

ಚಳಿಯ ನಾಡಿನಲ್ಲಿ ಒಂದೇ ಕಿಂಡಿ ಸಾಲದು. ಬಂದ ಗಾಳಿ ಹೊರಹೋಗಲೂ ದಾರಿ ಬೇಕು. ಬೆಚ್ಚನೆಯ ತೇವದ ಗಾಳಿ ಹಗುರ, ಮೇಲೇರುತ್ತದೆ. ಆದ್ದರಿಂದ ಕೆಳಗಿನ ಕಿಟಕಿ ಎರಡು ಬೆರಳು, ಚಾವಣಿಯ ಗವಾಕ್ಷಿ ಎರಡು ಬೆರಳು, ಗವಾಕ್ಷಿಯಲ್ಲಿ ಗಾಳಿಯನ್ನು ಹೊರಗೆ ತಳ್ಳುವ ಪುಟ್ಟ ಫ್ಯಾನು. ಹಾಸಿಗೆಯ ಕೆಳಗೆ ಪಟ್ಟಿಗಳನ್ನು ಜೋಡಿಸಿ ಬೆರಳು ತೂರುವಷ್ಟು ಎತ್ತರಿಸಿದರೆ ಅಲ್ಲೂ ಗಾಳಿ ಆಡುತ್ತದೆ, ಪ್ಲೈವುಡ್‌ಗೆ ಬೂಷ್ಟು ಹಿಡಿಯುವುದಿಲ್ಲ. ಒದ್ದೆ ಬಟ್ಟೆಯ ಜಾಗ ಕಾರು, ಮಲಗುವ ಕೋಣೆಯಲ್ಲ. ಯೂರೋಪಿನ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿರುವ ಎರಡು ಪದರದ ಅಕ್ರಿಲಿಕ್ ಕಿಟಕಿಗಳು ಒಳಮೈಯನ್ನು ಬೆಚ್ಚಗಿಟ್ಟು ಬೆವರನ್ನು ಮುಂದೂಡುತ್ತವೆ. ಆದರೆ ಉಸಿರಿನ ನೀರನ್ನು ಅವು ಹೊರಗೆ ಹಾಕಲಾರವು.

ಮನುಷ್ಯರು ಕಟ್ಟಿದ ಅತಿ ಬಿಗಿಯಾದ ಟ್ರೇಲರ್‌ಗಳಲ್ಲಿ ಒಂದನ್ನು 1969ರ ಜುಲೈಯಲ್ಲಿ ಜಗತ್ತೇ ನೋಡಿತು. ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಮತ್ತು ಕಾಲಿನ್ಸ್ ಅವರನ್ನು ಹಾರ್ನೆಟ್ ಹಡಗಿನ ಮೇಲೆ, ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರಿನಲ್ಲಿ ಇರಿಸಿದ್ದರು. ಚಂದ್ರನ ಸೂಕ್ಷ್ಮಜೀವಿ ಏನಾದರೂ ಇದ್ದರೆ ಹೊರಬೀಳಬಾರದೆಂದು ಒಂದು ಸಂದನ್ನೂ ಬಿಟ್ಟಿರಲಿಲ್ಲ. ಅಲ್ಲಿಯೂ ಗಾಳಿಯನ್ನು ನಿಲ್ಲಿಸಲಿಲ್ಲ. ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆಯಿಟ್ಟು, ಹೊರಹೋಗುವ ಗಾಳಿಯನ್ನು ಸೋಸಿ ಬಿಡುತ್ತಿದ್ದರು.

ಹವೆ ದಿನಕ್ಕೊಂದು ಬಗೆಯಾಗುವ ಹಾದಿಯಲ್ಲಿ ಒಂದೇ ಊರಿನ ರೂಢಿ ನಡೆಯುವುದಿಲ್ಲ. ಮಲಗುವ ಮುನ್ನ ಎರಡು ಅಂಕಿ ನೋಡಿದರೆ ಸಾಕು, ಹೊರಗಿನ ಇಬ್ಬನಿ ಬಿಂದು ಒಂದು, ಒಳಗಿನ ಉಷ್ಣತೆ ಇನ್ನೊಂದು. ಇಬ್ಬನಿ ಬಿಂದು ಒಳಗಿನ ಉಷ್ಣತೆಗಿಂತ ಬಹಳ ಕೆಳಗಿದ್ದರೆ ಮಳೆ ಸುರಿಯುತ್ತಿದ್ದರೂ ಧೈರ್ಯವಾಗಿ ಕಿಟಕಿ ತೆರೆಯಿರಿ. ಅದರ ಹತ್ತಿರವೋ ಮೇಲೋ ಇದ್ದರೆ ಆಕಾಶ ಎಷ್ಟೇ ತಿಳಿಯಾಗಿರಲಿ, ಎಸಿ ಓಡುವಷ್ಟು ಹೊತ್ತು ಕಿಟಕಿ ಮುಚ್ಚಿಡಿ.